ಇದಿರು ಕುಳಿತವನು

ಲೇಖನಿಯು ಖಡ್ಗಕ್ಕಿಂತ ಬಲಿಷ್ಠವೆಂಬ ಸಿದ್ಧಾಂತವನ್ನು ನಮ್ಮ ಊರಿನ ಹೈಸ್ಕೂಲು ಮಕ್ಕಳಷ್ಟು ಶ್ರದ್ಧೆಯಿಂದ ಪ್ರತಿಪಾದಿಸಿದವರು ಭೂಮಂಡಲದಲ್ಲಿ ಬೇರೆ ಯಾರೂ ಇರಲಾರರು. ಮಳೆಗಾಲ ಹಿಂದೆಗೆದು, ಅಂಗಳದ ಪಾಚಿ ಒಣಗಿ, ನವರಾತ್ರಿ ಮುಗಿಯಿತೆಂದರೆ ಮಂಗಳೂರಿನಲ್ಲಿ ಇಂಗ್ಲಿಷು ಭಾಷಣಸ್ಪರ್ಧೆಗಳ ಋತು ಆರಂಭವಾಗುತ್ತಿದ್ದಿತು. ಅಲ್ಲಿಂದ ಮೊದಲ್ಗೊಂಡು ವಾರ್ಷಿಕ ಪರೀಕ್ಷೆಯ ಭೀತಿ ಮೂಡುವವರೆಗೂ ಒಂದಲ್ಲ ಒಂದು ಸಭಾಂಗಣದಲ್ಲಿ, ಒಂದಲ್ಲ ಒಂದು ಸಂಘದವರು ಮೇಜಿನ ಮೇಲಿರಿಸಿದ ಪಾರಿತೋಷಕದ ಸಾಕ್ಷಿಯಾಗಿ, ಲೇಖನಿಯು ಖಡ್ಗವನ್ನು ಸೋಲಿಸುತ್ತಲೇ ಇರುತ್ತಿತ್ತು. ವಿಷಯ ಬದಲಾದ ವರ್ಷ ವಿಜ್ಞಾನವು ವರವೋ ಶಾಪವೋ ಎಂಬ ಜಿಜ್ಞಾಸೆ ನಡೆದು, ಐದನೆಯ ನಿಮಿಷದ ಕೊನೆಗೆ ಅದು ಎರಡೂ ಹೌದೆಂದು ಇತ್ಯರ್ಥವಾಗುತ್ತಿತ್ತು. ಖಡ್ಗದ ಪಕ್ಷವನ್ನು ವಹಿಸಿದ ಒಂದು ಮಗುವನ್ನಾದರೂ ಕೇಳಬೇಕೆಂಬ ನನ್ನ ಆಸೆ ಬಹುಕಾಲ ಈಡೇರಲಿಲ್ಲ.

ಜೆಪ್ಪಿನ ಒಂದು ಹೈಸ್ಕೂಲಿನಲ್ಲಿ ಇಂಗ್ಲಿಷು ಕಲಿಸುತ್ತಿದ್ದ ನನ್ನ ಪಾಲಿಗೆ ಈ ಸ್ಪರ್ಧೆಗಳಿಗೆ ಮಕ್ಕಳನ್ನು ಸಿದ್ಧಪಡಿಸುವ ಹೊಣೆ ಬಂದದ್ದು ಯೋಗ್ಯತೆಯಿಂದಲ್ಲ, ಬೇರೆ ಯಾರೂ ಅದನ್ನು ಬಯಸದೆ ಇದ್ದುದರಿಂದ. ಆಗ ರೂಢಿಯಲ್ಲಿದ್ದ ಕ್ರಮವೆಂದರೆ, ಉಪಾಧ್ಯಾಯನಾದವನು ಗ್ರಂಥಭಂಡಾರದಿಂದ ಮಹಾಪುರುಷರ ಎರಡು ಉಕ್ತಿಗಳನ್ನು ಸಂಪಾದಿಸಿ, ಒಂದನ್ನು ಆದಿಯಲ್ಲೂ ಮತ್ತೊಂದನ್ನು ಅಂತ್ಯದಲ್ಲೂ ನಿಲ್ಲಿಸಿ, ನಡುವೆ ತನ್ನದೊಂದು ಪ್ರಬಂಧವನ್ನು ಹಾಸಿ ಕೊಡುವುದು. ಮಗು ಅದನ್ನು ಬಾಯಿಪಾಠ ಮಾಡುವುದು. ಬಳಿಕ ಹಿರಿಯರಾರಾದರೂ ಬಂದು ಅದಕ್ಕೆ ಹಸ್ತಾಭಿನಯವನ್ನು ಜೋಡಿಸುವುದು. ಆಕಾಶವೆಂದಾಗ ಬಲಗೈ ಮೇಲೇರಬೇಕು, ಮಾತೃಭೂಮಿಯೆಂದಾಗ ಎದೆಯ ಮೇಲಿಳಿಯಬೇಕು. ಒಮ್ಮೆ ಒಬ್ಬ ಬಾಲಕನು ಗಾಬರಿಯಲ್ಲಿ ಒಂದು ವಾಕ್ಯವನ್ನು ಬಿಟ್ಟುಬಿಡಲು, ಅವನ ಕೈ ಮಾತ್ರ ಬಿಟ್ಟುಹೋದ ವಾಕ್ಯದ ಕ್ರಮವನ್ನೇ ಅನುಸರಿಸಿ, ಮಾತು ಮಾತೃಭೂಮಿಯಲ್ಲಿರುವಾಗ ತಾನು ಆಕಾಶವನ್ನು ತೋರುತ್ತ ಕೊನೆಯವರೆಗೂ ಸಾಗಿದುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಅವನಿಗೆ ಸಮಾಧಾನಕರ ಬಹುಮಾನ ಬಂದಿತು.

ಈ ಕ್ರಮದಲ್ಲಿ ನನಗೆ ರುಚಿಯಿರಲಿಲ್ಲ. ಅದೇಕೆಂದು ಹೇಳಬೇಕಾದರೆ ಜೆಪ್ಪಿನ ವಿಚಾರವಾಗಿ ನಾಲ್ಕು ಮಾತು ಹೇಳಲೇಬೇಕು. ಪಟ್ಟಣದ ದಕ್ಷಿಣಕ್ಕೆ, ನೇತ್ರಾವತಿಯು ಸಮುದ್ರ ಸಮೀಪಿಸಿತೆಂದು ಅಗಲವಾಗುವಲ್ಲಿ, ಹಂಚಿನ ಕಾರ್ಖಾನೆಗಳ ಹೊಗೆಗೊಳವೆಗಳ ಕೆಳಗೆ ಹರಡಿಕೊಂಡಿದ್ದ ಪೇಟೆ ಇದು. ಬಾಸೆಲ್ ಮಿಷನ್ನಿನವರು ಹೊಳೆಯ ದಡದ ಮಣ್ಣಿನ ಗುಣವನ್ನು ಕಂಡುಕೊಂಡು ಇಲ್ಲಿ ಹೂಡಿದ ಕಾರ್ಖಾನೆಯ ಹಂಚುಗಳು, 1865 ಎಂಬ ಇಸವಿಯನ್ನು ಬೆನ್ನ ಮೇಲೆ ಹೊತ್ತು, ಕಡಲಾಚೆಯ ಊರುಗಳ ಮಾಡನ್ನೂ ಏರಿದುವು. ಮೊದಲನೆಯ ಮಹಾಯುದ್ಧದ ತರುವಾಯ ಆ ಉದ್ಯಮ ಕಾಮನ್‌ವೆಲ್ತ್ ಟ್ರಸ್ಟಿನವರ ಕೈಸೇರಿತು. ಹೊರಗಿನವರು ಜೆಪ್ಪು ಎಂದರೆ ಇಷ್ಟನ್ನೇ ಬಲ್ಲರು. ಆದರೆ ಈ ಕೆಂಪು ಧೂಳಿನ ಪೇಟೆಯಲ್ಲಿ ವಾಗ್ವಿದ್ಯೆಯ ಎರಡು ಪ್ರಾಚೀನ ಸಂಪ್ರದಾಯಗಳು, ಒಂದರ ಇರವನ್ನು ಇನ್ನೊಂದು ಅರಿಯದೆ, ಕೂಗಳತೆಯ ದೂರದಲ್ಲಿ ಬಾಳಿಕೊಂಡಿದ್ದುವೆಂಬುದನ್ನು ಗಮನಿಸಿದವರು ವಿರಳ.

ಮೊದಲನೆಯದು ಸಂತ ಜೋಸೆಫರ ಸೆಮಿನರಿಯ ಗೋಡೆಯ ಒಳಗಿನದು. 1878ರ ದಶಂಬರದ ಕೊನೆಯ ದಿನ ಮಂಗಳೂರಿಗೆ ಬಂದಿಳಿದ ಜೆಸ್ವಿತ್ ಪಾದ್ರಿಗಳು ಮರುವರ್ಷವೇ ಈ ಸೆಮಿನರಿಯನ್ನೂ, ಅದರ ಮರುವರ್ಷ ಸಂತ ಅಲೋಶಿಯಸ್ ಕಾಲೇಜನ್ನೂ ಆರಂಭಿಸಿದರು. ಇವರ ಸಂಘದ ವಿದ್ಯಾಕ್ರಮವು 1599ರಷ್ಟು ಹಿಂದೆಯೇ ಗ್ರಂಥಸ್ಥವಾದುದು; ಅದರಲ್ಲಿ ಬಾಲಕನು ಮೊದಲು ವ್ಯಾಕರಣದ ತರಗತಿಗಳನ್ನು ದಾಟಿ, ಸಾಹಿತ್ಯದ ತರಗತಿಯನ್ನು ಹೊಕ್ಕು, ಕಟ್ಟಕಡೆಗೆ ಸೇರುವ ತರಗತಿಯ ಹೆಸರೇ ವಾಗ್ಮಿತೆಯ ತರಗತಿ. ಪಾದ್ರಿಯಾಗಬೇಕಾದವನು ತತ್ತ್ವಶಾಸ್ತ್ರಕ್ಕೆ ಬಂದ ಮೇಲೆ, ಒಂದು ಪ್ರಮೇಯವನ್ನು ಲತೀನಿನಲ್ಲಿ ಮಂಡಿಸಿ, ಆಕ್ಷೇಪಿಸಲೆಂದೇ ಇದಿರು ಕೂರಿಸಿದ ಸಹಪಾಠಿಯ ಆಕ್ಷೇಪಗಳಿಗೆ ಗುರುಗಳ ಸಮ್ಮುಖದಲ್ಲಿ ಉತ್ತರ ಹೇಳಬೇಕಾಗಿದ್ದಿತು.

ಎರಡನೆಯದು ಗೋಡೆಯಿಲ್ಲದ್ದು. ಮಂಗಳಾದೇವಿಯ ಬೋಳಾರದ ಕಡೆಯಾಗಲಿ, ದಸರೆಯ ರಥ ಬಂದು ನಿಲ್ಲುವ ಮಾರ್ನಮಿಕಟ್ಟೆಯ ಕಡೆಯಾಗಲಿ, ಸಂಜೆ ಕೆಲಸ ಬಿಟ್ಟ ಮೇಲೆ ಜನ ಸೇರಿ, ಭಾಗವತರು ಜಾಗಟೆ ಹಿಡಿದರೆಂದರೆ ತಾಳಮದ್ದಳೆ. ವೇಷವಿಲ್ಲ, ಕುಣಿತವಿಲ್ಲ, ಅಂಗಿ ತೊಟ್ಟು ಶಾಲು ಹೊದ್ದ ಇಬ್ಬರು ಗೃಹಸ್ಥರು ಇದಿರುಬದಿರಾಗಿ ಕುಳಿತು, ಒಬ್ಬನು ವಾಲಿಯೆಂದೂ ಇನ್ನೊಬ್ಬನು ರಾಮನೆಂದೂ ಸಭೆಯನ್ನು ನಂಬಿಸಿ, ಬರೆದಿಟ್ಟ ಒಂದಕ್ಷರದ ಆಸರೆಯೂ ಇಲ್ಲದೆ, ಮರೆಯಲ್ಲಿ ನಿಂತು ಬಾಣ ಬಿಟ್ಟುದು ಧರ್ಮವೇ ಅಲ್ಲವೇ ಎಂಬುದನ್ನು ನಡುರಾತ್ರಿಯವರೆಗೆ ಇತ್ಯರ್ಥ ಮಾಡುತ್ತಾರೆ. ಆ ದಿನಗಳಲ್ಲಿ ಶೇಣಿ ಗೋಪಾಲಕೃಷ್ಣ ಭಟ್ಟರ ತರ್ಕ, ಮಲ್ಪೆ ರಾಮದಾಸ ಸಾಮಗರ ವಾಗ್ಝರಿ, ದೇರಾಜೆ ಸೀತಾರಾಮಯ್ಯನವರ ಮಾನವೀಯವಾದ ಪಾತ್ರಚಿತ್ರಣ, ಇವುಗಳಲ್ಲಿ ಯಾವುದು ಮೇಲೆಂದು ಹಂಚಿನ ಕಾರ್ಖಾನೆಯ ಮಣ್ಣು ಹೊರುವವರೂ ತಮ್ಮತಮ್ಮೊಳಗೆ ವಾದಿಸಬಲ್ಲವರಾಗಿದ್ದರು. ಇಂಥ ಊರಿನಲ್ಲಿ ಹುಟ್ಟಿದ ಮಕ್ಕಳ ಬಾಯಿಗೆ ಇನ್ನೊಬ್ಬರು ಬರೆದ ಪ್ರಬಂಧವನ್ನು ತುರುಕುವುದು ನನಗೆ ಒಂದು ಬಗೆಯ ಅವಿವೇಕವಾಗಿಯೇ ಕಂಡಿತು.

ನಾನು ಹೇಳಹೊರಟಿರುವ ಹುಡುಗನು ಅಂಥವರ ಮನೆಯವನು. ಅವನ ಸೋದರಮಾವನು ಕಾರ್ಖಾನೆಯಲ್ಲಿ ಹಂಚು ಸುಡುವಲ್ಲಿ ದುಡಿಯುತ್ತಿದ್ದನು, ಬಿಡುವಿನಲ್ಲಿ ಹವ್ಯಾಸಿಯಾಗಿ ತಾಳಮದ್ದಳೆಯಲ್ಲಿ ಅರ್ಥ ಹೇಳುತ್ತಿದ್ದನು; ಚಿಕ್ಕಪುಟ್ಟ ಕೂಟಗಳಲ್ಲಿ ಅವನ ವಿದುರನಿಗೆ ಹೆಸರಿತ್ತೆಂದು ಕೇಳಿದ್ದೆನು. ತಾಯಿ ಬೀಡಿ ಕಟ್ಟುತ್ತಿದ್ದಳು. ಮನೆಮಾತು ತುಳು, ಶಾಲೆಯ ಮಾತು ಕನ್ನಡ, ನೆರೆಯವರ ಮಾತು ಕೊಂಕಣಿ. ಇಂಗ್ಲಿಷು ಅವನಿಗೆ ನಾಲ್ಕನೆಯದು. ತರಗತಿಯಲ್ಲಿ ನಾನು ಹೇಳಿದ ಯಾವುದೋ ಒಂದು ಮಾತಿಗೆ ಎದ್ದುನಿಂತು, ಮುರುಕು ಇಂಗ್ಲಿಷಿನಲ್ಲಿ ‘ಹಾಗಲ್ಲ’ ಎಂದು ಅವನು ಆರಂಭಿಸಿದ ದಿನವೇ ನಾನು ಅವನನ್ನು ಆರಿಸಿಕೊಂಡೆನು.

ಮೊದಲನೆಯ ಸ್ಪರ್ಧೆಯಲ್ಲಿ ಅವನಿಗೆ ಏನೂ ಬರಲಿಲ್ಲ, ಬರುವಂತೆಯೂ ಇರಲಿಲ್ಲ. ಬಾಯಿಪಾಠ ಬೇಡ, ನಿನಗೆ ತೋರಿದ್ದನ್ನು ಹೇಳು ಎಂದು ನಾನು ಕಳುಹಿಸಲು, ಅವನು ವೇದಿಕೆಯನ್ನೇರಿ, ಸಭೆಗೆ ನಮಸ್ಕರಿಸಿ, ಅರ್ಥಧಾರಿಯಂತೆ ಪೀಠಿಕೆಯನ್ನು ಹಿಡಿದನು. ತಾನು ಯಾರು, ಯಾವ ಕಾರಣದಿಂದ ಈ ಸಭೆಗೆ ಬಂದೆನು, ಲೋಕದ ಸ್ಥಿತಿ ಈಗ ಹೇಗಿದೆ, ಅದರಲ್ಲಿ ಶಿಸ್ತು ಎಂಬುದರ ಅವಶ್ಯಕತೆ ಏಕೆ ಉಂಟಾಯಿತು, ಎಂದು ಗಾಂಭೀರ್ಯದಿಂದ ಮೆಟ್ಟಿಲು ಕಟ್ಟುತ್ತ ಬರುತ್ತಿರುವಾಗ ನಾಲ್ಕನೆಯ ನಿಮಿಷದ ಎಚ್ಚರಿಕೆಯ ಗಂಟೆ ಬಾರಿಸಿತು. ಅವನು ಅದನ್ನು ಭಾಗವತರ ಜಾಗಟೆಯೆಂದೇ ಬಗೆದನೋ ಏನೋ, ಒಂದು ಕ್ಷಣ ಸುಮ್ಮನೆ ನಿಂತು ಹಾಡನ್ನು ಕಾದನು. ಮನೆಗೆ ಹೋಗುವ ದಾರಿಯಲ್ಲಿ ಅವನ ದುಃಖ ಬಹುಮಾನದ ವಿಷಯವಾಗಿ ಇರಲಿಲ್ಲ. ‘ಮಾಸ್ಟ್ರೇ, ಐದು ನಿಮಿಷದಲ್ಲಿ ಎಂತ ಹೇಳ್ಲಿಕ್ಕೆ ಆಗ್ತದೆ? ವಿಷಯಕ್ಕೆ ಬರ್ಲಿಕ್ಕೇ ಆಗುದಿಲ್ಲ’ ಎಂದು ಅವನು ನ್ಯಾಯ ಕೇಳಿದನು.

ನಾನು ಅವನಿಗೆ ಗೆಟಿಸ್‌ಬರ್ಗಿನ ವೃತ್ತಾಂತವನ್ನು ಹೇಳಿದೆನು. 1863ರ ನವಂಬರ 19ರಂದು ಅಮೆರಿಕದ ಆ ರಣಭೂಮಿಯಲ್ಲಿ ಮಡಿದ ಸೈನಿಕರ ಶ್ಮಶಾನವನ್ನು ಪ್ರತಿಷ್ಠಿಸುವ ದಿವಸ ಮುಖ್ಯ ಭಾಷಣಕಾರನಾಗಿದ್ದವನು ಎಡ್ವರ್ಡ್ ಎವೆರೆಟ್. ಅವನು ಎರಡು ಗಂಟೆ ಕಾಲ ಅಸ್ಖಲಿತವಾಗಿ ಮಾತಾಡಿದನು. ಅನಂತರ ಎದ್ದ ಲಿಂಕನ್ ಹೇಳಿದ್ದು ಇನ್ನೂರ ಎಪ್ಪತ್ತು ಶಬ್ದಗಳ ಆಸುಪಾಸು, ಎರಡು ಮೂರು ನಿಮಿಷದ ಕೆಲಸ. ಲೋಕವು ನೆನಪಿನಲ್ಲಿರಿಸಿಕೊಂಡದ್ದು ಯಾವುದನ್ನೆಂದು ಕೇಳಿ, ಉಪಾಧ್ಯಾಯರಿಗೆ ಸಹಜವಾದ ವಿಜಯಭಾವದಿಂದ ನಾನು ಅವನ ಮುಖವನ್ನು ನೋಡಿದೆನು. ಹುಡುಗನು ಸ್ವಲ್ಪ ಯೋಚಿಸಿ, ‘ಪೀಠಿಕೆಯನ್ನು ಎವೆರೆಟ್ ಹೇಳಿ ಆಗಿತ್ತಲ್ಲ ಮಾಸ್ಟ್ರೇ’ ಎಂದನು. ಈ ವ್ಯಾಖ್ಯಾನವನ್ನು ನಾನು ಯಾವ ಚರಿತ್ರೆಯ ಪುಸ್ತಕದಲ್ಲಿಯೂ ಓದಿರಲಿಲ್ಲ. ಇಂದಿಗೂ ಅದಕ್ಕೆ ತಕ್ಕ ಉತ್ತರ ನನಗೆ ಹೊಳೆದಿಲ್ಲ. ಆದರೂ ಪೀಠಿಕೆಯನ್ನು ಸಭೆಯವರೇ ಮನೆಯಿಂದ ತಂದಿರುತ್ತಾರೆ, ನೀನು ನೇರವಾಗಿ ಪದ್ಯಕ್ಕೆ ಬಾ ಎಂದು ಹೇಳಿ ಅವನನ್ನು ಒಪ್ಪಿಸಿದೆನು.

ನಾಲಗೆಯ ಕೆಲಸ ಬೇರೆಯೇ ಇತ್ತು. ತುಳುವರ ನಾಲಗೆ ವ್ಯಂಜನದ ಮೇಲೆ ಮಾತನ್ನು ನಿಲ್ಲಿಸಲು ಒಪ್ಪುವುದಿಲ್ಲ. ಪದದ ಕೊನೆಗೆ ಅರ್ಧ ಉಕಾರದಂಥ ಒಂದು ಕಿರುದನಿಯನ್ನು ಸೇರಿಸಿಯೇ ಅದು ವಿಶ್ರಮಿಸುವುದು. ಎಕಾರದಿಂದ ಆರಂಭವಾಗುವ ಇಂಗ್ಲಿಷು ಪದಕ್ಕೆ ಯಕಾರವೂ, ಒಕಾರದ್ದಕ್ಕೆ ವಕಾರವೂ ಕರೆಯದೆ ಬಂದು ಮುಂದೆ ನಿಲ್ಲುತ್ತವೆ: ‘ಯೆವ್ರಿ’, ‘ವೊನ್ಲಿ’. ಇವನ್ನು ತಿದ್ದಬಹುದು, ಕಷ್ಟವಲ್ಲ. ತಿದ್ದಲು ಕಷ್ಟವಾದದ್ದು ಪೆಟ್ಟು. ನಮ್ಮ ಭಾಷೆಗಳಲ್ಲಿ ಅಕ್ಷರಗಳೆಲ್ಲವೂ ಹೆಚ್ಚುಕಡಿಮೆ ಸಮಾನವಾದ ಮರ್ಯಾದೆಯನ್ನು ಪಡೆಯುತ್ತವೆ. ಇಂಗ್ಲಿಷಿನಲ್ಲಿ ಒಂದಕ್ಷರಕ್ಕೆ ಪೆಟ್ಟು ಬಿದ್ದರೆ ಮಿಕ್ಕವು ಬಾಗಿ ಕುಗ್ಗಬೇಕು, ಮತ್ತು ಆ ಪೆಟ್ಟು ಒಂದೆಡೆ ನಿಲ್ಲದು. ‘ಫೋಟೋಗ್ರಾಫ್’ ಎಂಬಲ್ಲಿ ಮೊದಲಕ್ಷರದ ಮೇಲಿರುವುದು ‘ಫೋಟೋಗ್ರಫರ್’ ಎಂಬಲ್ಲಿ ಎರಡನೆಯದಕ್ಕೂ, ‘ಫೋಟೋಗ್ರಾಫಿಕ್’ ಎಂಬಲ್ಲಿ ಮೂರನೆಯದಕ್ಕೂ ಸರಿದುಬಿಡುತ್ತದೆ. 1917ರಲ್ಲಿ ಮೊದಲು ಅಚ್ಚಾದ ಡೇನಿಯಲ್ ಜೋನ್ಸನ ಉಚ್ಚಾರಣಕೋಶದ ಒಂದು ಪ್ರತಿ ನನ್ನಲ್ಲಿತ್ತು. ಪೆಟ್ಟು ಬೀಳಬೇಕಾದ ಅಕ್ಷರದ ಮುನ್ನ ಅವನು ಒಂದು ಸಣ್ಣ ನಿಲುಗೆರೆಯನ್ನು ಹಾಕುತ್ತಾನೆ. ಬೇರೆ ಮಕ್ಕಳಿಗೆ ಇದನ್ನು ವಿವರಿಸುವಾಗ ನನಗೆ ಸಾಕುಸಾಕಾಗುತ್ತಿತ್ತು. ಈ ಹುಡುಗನಾದರೋ ಆ ಗೆರೆಯನ್ನು ಕಂಡೊಡನೆ ‘ಓ, ಮದ್ದಳೆಯ ಪೆಟ್ಟು’ ಎಂದು ಮೇಜಿನ ಮೇಲೆ ಬೆರಳಿನಿಂದ ಬಾರಿಸಿ, ಅಂದಿನಿಂದ ಕೋಶದ ಪದಗಳನ್ನು ತಾಳ ಹಾಕಿಕೊಂಡು ಓದತೊಡಗಿದನು.

ಹೀಗಿದ್ದರೂ ಅವನ ಮಾತಿನಲ್ಲಿ ಒಂದು ವಿಚಿತ್ರವಾದ ತಡೆ ಉಳಿದುಕೊಂಡಿತ್ತು. ಎಂಟೊಂಬತ್ತು ಶಬ್ದಗಳಿಗೊಮ್ಮೆ, ಅರ್ಥ ಮುಗಿಯಲಿ ಮುಗಿಯದಿರಲಿ, ಅವನು ಒಂದು ಉಸಿರಿನಷ್ಟು ನಿಲ್ಲುತ್ತಿದ್ದನು. ಕಾರಣ ತಿಳಿದದ್ದು ಅವರ ಮನೆಗೆ ಹೋದಾಗ. ಜಗಲಿಯ ಮೇಲೆ ತಾಯಿಯೂ ಮಗನೂ ಮಡಿಲಲ್ಲಿ ಬೀಡಿ ಕಟ್ಟುವ ತಡ್ಪೆಗಳನ್ನಿರಿಸಿಕೊಂಡು ಕುಳಿತಿದ್ದರು. ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟ ಎಲೆಗಳ ಮೇಲೆ ತಗಡಿನ ಅಳತೆಯನ್ನಿಟ್ಟು ಕತ್ತರಿಸುವುದು, ಹೊಗೆಸೊಪ್ಪಿನ ಹುಡಿಯನ್ನು ತುಂಬಿ ಸುರುಳುವುದು, ತುದಿಯನ್ನು ಉಗುರಿನಿಂದ ಒಳಕ್ಕೆ ಮಡಚುವುದು, ನೂಲು ಸುತ್ತಿ ಎಳೆದು ತುಂಡರಿಸುವುದು. ಇಷ್ಟೂ ಕೈಯಲ್ಲಿ ನಡೆಯುತ್ತಿರುವಾಗ ಬಾಯಲ್ಲಿ ಇಂಗ್ಲಿಷು ನಡೆದಿತ್ತು. ನೂಲನ್ನು ಎಳೆಯುವಾಗ ಹುಡುಗನ ಉಸಿರು ತಾನಾಗಿ ನಿಲ್ಲುತ್ತಿತ್ತು, ಮಾತೂ ಅದರೊಂದಿಗೆ ನಿಲ್ಲುತ್ತಿತ್ತು. ಅವನ ಒಂದೊಂದು ವಾಕ್ಯಖಂಡವೂ ಸರಿಯಾಗಿ ಒಂದು ಬೀಡಿಯ ಉದ್ದವಿದ್ದಿತು. ಇನ್ನು ಮುಂದೆ ಭಾಷಣದ ಅಭ್ಯಾಸವನ್ನು ಬರಿಗೈಯಲ್ಲಿಯೇ ಮಾಡತಕ್ಕದ್ದೆಂದು ನಾನು ಹೇಳಲು, ತಾಯಿ ತಲೆಯೆತ್ತದೆ, ‘ಹಾಗಾದರೆ ಅವನ ಪಾಲಿನ ಕಟ್ಟು ಯಾರು ಕಟ್ಟುದು, ನೀವಾ ಮಾಸ್ಟ್ರೇ?’ ಎಂದಳು. ಪ್ರಶ್ನೆ ನ್ಯಾಯವಾದದ್ದು. ಕಡೆಗೆ ಎಲೆ ಕತ್ತರಿಸುವ ಕೆಲಸ ಮಾತಿನ ಹೊತ್ತಿಗೆ, ನೂಲಿನ ಕೆಲಸ ಮೌನದ ಹೊತ್ತಿಗೆ ಎಂದು ಒಂದು ಒಪ್ಪಂದವಾಯಿತು.

ಸೋದರಮಾವನ ಚಿಂತೆ ಬೇರೆ ಬಗೆಯದು. ನಮ್ಮ ಜಿಲ್ಲೆ ಮದರಾಸನ್ನು ಬಿಟ್ಟು ಮೈಸೂರು ರಾಜ್ಯವನ್ನು ಸೇರಿ ಆಗ ಕೆಲವು ವರ್ಷಗಳಾಗಿದ್ದುವು. ಸಂವಿಧಾನವು ಇಂಗ್ಲಿಷಿಗೆ ಕೊಟ್ಟ ಹದಿನೈದು ವರ್ಷದ ಗಡುವು 1965ರ ಜನವರಿಗೆ ಮುಗಿಯುವುದೆಂದು ಪತ್ರಿಕೆಗಳಲ್ಲಿ ಚರ್ಚೆ ನಡೆದಿತ್ತು. ‘ಇಂಗ್ಲಿಷು ಹೇಗೂ ಹೋಗ್ತದಂತಲ್ಲ ಮಾಸ್ಟ್ರೇ, ಹೋಗುವವರಿಗೆ ಇಷ್ಟು ಉಪಚಾರ ಎಂತಕ್ಕೆ?’ ಎಂದು ಅವನು ನಗುತ್ತ ಕೇಳಿದನು. ಆ ಗಡುವಿಗೆ ಬಂದ ಗತಿಯನ್ನು 1963ರ ರಾಜಭಾಷೆಗಳ ಅಧಿನಿಯಮವೇ ಹೇಳುತ್ತದೆ, ಇರಲಿ. ನಾನು ಅವನಿಗೆ ಶ್ರೀನಿವಾಸ ಶಾಸ್ತ್ರಿಗಳ ವಿಚಾರ ಹೇಳಿದೆನು. ಮದರಾಸಿನ ತಿರುವಲ್ಲಿಕ್ಕೇಣಿಯ ಹಿಂದೂ ಹೈಸ್ಕೂಲಿನಲ್ಲಿ ಮುಖ್ಯೋಪಾಧ್ಯಾಯರಾಗಿದ್ದ ಆ ಬಡ ಬ್ರಾಹ್ಮಣರು ಇಂಗ್ಲಿಷಿನವರಿಂದಲೇ ಬೆಳ್ಳಿಯ ನಾಲಗೆಯವರೆಂದು ಹೊಗಳಿಸಿಕೊಂಡು, 1922ರಲ್ಲಿ ಆಸ್ಟ್ರೇಲಿಯಾ, ನ್ಯೂಜಿಲೆಂಡ್, ಕೆನಡಗಳನ್ನು ಸುತ್ತಿ ಅಲ್ಲಿಯ ಭಾರತೀಯರ ಪರವಾಗಿ ವಾದಿಸಿದುದು ಅವನ ಮೇಲೆ ಏನೂ ಪರಿಣಾಮ ಮಾಡಲಿಲ್ಲ. ಆದರೆ ಅದೇ ಶಾಸ್ತ್ರಿಗಳು ಬಾಳಿನ ಸಂಜೆಯಲ್ಲಿ, 1944ರಲ್ಲಿ, ಮದರಾಸಿನಲ್ಲಿ ವಾಲ್ಮೀಕಿ ರಾಮಾಯಣದ ಮೇಲೆ ಇಂಗ್ಲಿಷಿನಲ್ಲಿ ಉಪನ್ಯಾಸಮಾಲೆಯನ್ನೇ ನಡೆಸಿದರೆಂದಾಗ ಅವನು ನೆಟ್ಟಗೆ ಕುಳಿತನು. ‘ವಾಲಿಯ ಪ್ರಶ್ನೆ ಇಂಗ್ಲಿಷಿನಲ್ಲಿಯೂ ನಿಲ್ತದಾ?’ ಎಂದು ಕೇಳಿದನು. ನಿಲ್ಲುತ್ತದೆಂದೆನು. ‘ಹಾಗಾದರೆ ಕಲೀಲಿ’ ಎಂದು ಎದ್ದುಹೋದನು.

ಈಗ ನನ್ನ ಅಭ್ಯಾಸಕ್ರಮದ ವಿಚಾರ. ಸೆಮಿನರಿಯಲ್ಲಿ ತತ್ತ್ವಶಾಸ್ತ್ರ ಬಲ್ಲ ಒಬ್ಬ ವೃದ್ಧ ಪಾದ್ರಿಗಳ ಪರಿಚಯ ನನಗೆ ಪುಸ್ತಕಗಳ ಮೂಲಕ ಆಗಿದ್ದಿತು. ಅವರು ತಮ್ಮ ಲತೀನ್ ವಾದಸಭೆಗಳ ಒಂದು ನಿಯಮವನ್ನು ಪ್ರಸಂಗವಶಾತ್ ನನಗೆ ತಿಳಿಸಿದರು. ಆಕ್ಷೇಪಕನು ತನ್ನ ಆಕ್ಷೇಪವನ್ನು ಹೇಳಿ ಮುಗಿಸಿದ ಮೇಲೆ, ಪ್ರತಿಪಾದಕನು ಒಡನೆ ಉತ್ತರವನ್ನು ಹೇಳಕೂಡದು. ಮೊದಲು ಆ ಆಕ್ಷೇಪವನ್ನು ತನ್ನ ಬಾಯಿಂದ, ಒಂದೆಳೆಯನ್ನೂ ಸಡಿಲಿಸದೆ, ಪುನರುಚ್ಚರಿಸಬೇಕು. ಬಳಿಕವೇ ಅದರಲ್ಲಿ ತಾನು ಒಪ್ಪುವುದೆಷ್ಟು, ಒಪ್ಪದಿರುವುದೆಷ್ಟು, ಭೇದ ಮಾಡಿ ಒಪ್ಪುವುದೆಷ್ಟು ಎಂಬುದನ್ನು ಬಿಡಿಸಬೇಕು. ಪೂರ್ವಪಕ್ಷವನ್ನು ಎತ್ತದೆ ಸಿದ್ಧಾಂತಕ್ಕೆ ಹೋಗದ ನಮ್ಮ ಭಾಷ್ಯಕಾರರೂ ಮಾಡಿದ್ದು ಇದನ್ನೇ. ತಾಳಮದ್ದಳೆಯ ಒಳ್ಳೆಯ ಅರ್ಥಧಾರಿಯೂ ಮಾಡುವುದು ಇದನ್ನೇ, ‘ನೀನು ಹೇಳುವುದು ಇಷ್ಟಲ್ಲವೆ, ಕಪಿವೀರ?’ ಎಂದು. ನಾನು ಇದನ್ನು ಹಾಗೆಯೇ ಎತ್ತಿಕೊಂಡೆನು. ಭಾಷಣವನ್ನು ಬರೆದುಕೊಡುವುದನ್ನು ನಿಲ್ಲಿಸಿ, ಸಂಜೆ ತರಗತಿ ಬರಿದಾದ ಮೇಲೆ ಹುಡುಗನ ಇದಿರು ಒಂದು ಕುರ್ಚಿಯಲ್ಲಿ ಕುಳಿತೆನು. ವಿಷಯ ಯಾವುದಾದರೂ ಆಗಲಿ, ನಾನೊಂದು ಪಕ್ಷ, ಅವನೊಂದು ಪಕ್ಷ. ನನ್ನ ಮಾತನ್ನು ಅವನು ಇಂಗ್ಲಿಷಿನಲ್ಲಿ ನನಗೆ ತೃಪ್ತಿಯಾಗುವಂತೆ ಮರಳಿ ಹೇಳುವವರೆಗೆ ಅವನಿಗೆ ಉತ್ತರದ ಅಧಿಕಾರವಿಲ್ಲ.

ಇದರಿಂದಾದ ಪ್ರಯೋಜನ ನಾನು ಎಣಿಸಿದ್ದಕ್ಕಿಂತ ಹೆಚ್ಚಿನದು. ಬಾಯಿಪಾಠದ ಭಾಷಣವು ಯಾರಿಗೂ ಹೇಳಿದ್ದಲ್ಲ. ಅದು ಸಭೆಯ ತಲೆಯ ಮೇಲಿಂದ ಹಾಯ್ದು ಹಿಂದಿನ ಗೋಡೆಯನ್ನು ಮುಟ್ಟುತ್ತದೆ. ಇದಿರು ಒಬ್ಬನು ಕುಳಿತು ‘ಇಲ್ಲ’ ಎನ್ನುವುದಕ್ಕೆ ಕಾದಿರುವನೆಂದು ತಿಳಿದವನ ದನಿಯೇ ಬೇರೆ, ಕಣ್ಣೇ ಬೇರೆ, ಅವನ ಕೈಗಳಿಗೆ ಹಸ್ತಾಭಿನಯವನ್ನು ಯಾರೂ ಕಲಿಸಬೇಕಾಗಿಲ್ಲ. ಶಬ್ದ ಸಿಗದೆ ತಡವರಿಸುವಾಗ ಹುಡುಗನು ದೊಡ್ಡ ಶಬ್ದವನ್ನು ಹುಡುಕುವುದನ್ನು ಬಿಟ್ಟು ನನಗೆ ಮುಟ್ಟುವ ಶಬ್ದವನ್ನು ಹುಡುಕತೊಡಗಿದನು. ಖಡ್ಗದ ಪಕ್ಷ ವಹಿಸಿದ ಮಗುವನ್ನು ನಾನು ಕಡೆಗೂ ಕೇಳಿದ್ದು ಆ ಬರಿದಾದ ತರಗತಿಯಲ್ಲಿಯೇ: ಖಡ್ಗವನ್ನು ಹೊಗಳುವ ಕಾವ್ಯಗಳನ್ನೆಲ್ಲ ಬರೆದದ್ದು ಲೇಖನಿಯೇ ತಾನೇ ಮಾಸ್ಟ್ರೇ, ಚಾಕರಿ ಮಾಡುವವನು ಯಜಮಾನನಿಗಿಂತ ಬಲಿಷ್ಠನು ಹೇಗೆ, ಎಂದು ಅವನು ಕೇಳಿದಾಗ, ನಾನು ನಿಯಮದಂತೆ ಆ ಮಾತನ್ನು ಮರಳಿ ಹೇಳಿ, ಆಮೇಲೆ ಬಹಳ ಹೊತ್ತು ಸುಮ್ಮನಿರಬೇಕಾಯಿತು.

ಜೂಲಿಯಸ್ ಸೀಸರ್ ನಾಟಕದಲ್ಲಿ ಸೀಸರನ ಶವದ ಮುಂದೆ ಆಂಟನಿ ಮಾಡುವ ಭಾಷಣವನ್ನು ಮಕ್ಕಳು ತಲೆಮಾರುಗಳಿಂದ ಉರುಹೊಡೆದಿದ್ದಾರೆ, ಹೆಚ್ಚಾಗಿ ಅಳುದನಿಯಲ್ಲಿ. ಇವನು ಅದನ್ನು ಒಂದು ಸಲ ಓದಿ, ಬ್ರೂಟಸನ ಮರ್ಯಾದೆಯನ್ನು ಆಂಟನಿ ಮತ್ತೆಮತ್ತೆ ಎತ್ತುವಲ್ಲಿ ಬೆರಳಿಟ್ಟು, ‘ಇದು ಸಂಧಾನದ ಕೃಷ್ಣ ಅಲ್ವಾ? ಹೊಗಳ್ತಾ ಹೊಗಳ್ತಾ ಬುಡ ಕೊಯ್ಯುದು’ ಎಂದನು. ಕೌರವನ ಸಭೆಗೂ ರೋಮಿನ ಚೌಕಕ್ಕೂ ಅಷ್ಟು ಸಲೀಸಾಗಿ ಓಡಾಡಿದ ಬೇರೊಬ್ಬ ವಿದ್ಯಾರ್ಥಿ ನನಗೆ ಸಿಕ್ಕಲಿಲ್ಲ. ಅಂದಿನಿಂದ ಅವನು ಆ ಭಾಷಣವನ್ನು ಅಳುದನಿಯಲ್ಲಿ ಅಲ್ಲ, ಅತ್ಯಂತ ವಿನಯದ ದನಿಯಲ್ಲಿ ಹೇಳುತ್ತಿದ್ದನು. ಕೇಳಿದರೆ ಮೈ ಜುಮ್ಮೆನ್ನುತ್ತಿತ್ತು.

ಗ್ರೀಕ್ ವಾಗ್ಮಿ ಡೆಮಾಸ್ಥನೀಸನು ದನಿಯನ್ನು ಬಲಪಡಿಸಲೆಂದು ಕಡಲ ಮೊರೆತಕ್ಕೆ ಇದಿರಾಗಿ ಭಾಷಣ ಮಾಡಿದ ಕತೆಯನ್ನು ಎಲ್ಲ ಉಪಾಧ್ಯಾಯರೂ ಹೇಳುತ್ತಾರೆ. ನಮಗೆ ಕಡಲಿನವರೆಗೆ ಹೋಗಬೇಕಾದ ಅಗತ್ಯವಿರಲಿಲ್ಲ. ಆಟಿ ತಿಂಗಳಲ್ಲಿ ಜೆಪ್ಪಿನ ಹಂಚಿನ ಮಾಡಿನ ಮೇಲೆ ಮಳೆ ಸುರಿಯಲಾರಂಭಿಸಿತೆಂದರೆ, ಅದರ ಕೆಳಗೆ ಪಾಠ ಹೇಳುವುದಿರಲಿ, ಗಂಟೆ ಬಾರಿಸಿದ್ದೂ ಕೇಳಿಸದು. ಅಂಥ ಹೊತ್ತಿನಲ್ಲಿ ಇದಿರುಗೋಡೆಯ ಬಳಿ ಕುಳಿತ ನನಗೆ ಅವನ ಮಾತು ಕೇಳಬೇಕು, ಆದರೆ ಅವನು ಕೂಗಕೂಡದು. ಕೂಗಿದವನ ಸ್ವರ ಮಾತ್ರ ತಲಪುತ್ತದೆ, ವ್ಯಂಜನಗಳು ದಾರಿಯಲ್ಲಿ ಬಿದ್ದುಹೋಗುತ್ತವೆ. ಪದಾಂತ್ಯದ ವ್ಯಂಜನವನ್ನು ಕತ್ತರಿಸಿದಂತೆ ನುಡಿದರೆ ಮಳೆಯನ್ನೂ ತೂರಿ ಬರುತ್ತದೆ. ಅವನ ಅರ್ಧ ಉಕಾರವನ್ನು ನಿವಾರಿಸಿದ್ದು ನನ್ನ ಬೋಧನೆಯಲ್ಲ, ಆ ವರ್ಷದ ಮಳೆ.

ಮಳೆಗಾಲ ಕಳೆದು ಬಂದ ಭಾಷಣಋತುವಿನ ದೊಡ್ಡ ಸ್ಪರ್ಧೆ ಆಶುಭಾಷಣದ್ದಾಗಿತ್ತು. ಚೀಟಿಯೆತ್ತಿ ವಿಷಯ, ಸಿದ್ಧತೆಗೆ ಕೆಲವೇ ನಿಮಿಷ. ಯಂತ್ರಗಳಿಂದ ಮನುಷ್ಯನ ಸುಖ ಹೆಚ್ಚಿದೆಯೇ ಎಂಬುದು ವಿಷಯ. ಅವನಿಗಿಂತ ಮುಂಚೆ ಮಾತಾಡಿದ ಚೆಲುವಾದ ಇಂಗ್ಲಿಷಿನ ಹುಡುಗನೊಬ್ಬನು ಯಂತ್ರಗಳನ್ನು ಚೆನ್ನಾಗಿ ದೂಷಿಸಿ, ಗ್ರಾಮಜೀವನದ ಶಾಂತಿಯನ್ನು ವರ್ಣಿಸಿ, ಚಪ್ಪಾಳೆಯನ್ನು ಪಡೆದನು. ನಮ್ಮವನು ಎದ್ದು, ಪೀಠಿಕೆಯಿಲ್ಲದೆ, ಆ ಹುಡುಗನ ಕಡೆಗೆ ತಿರುಗಿ, ಅವನ ವಾದವನ್ನು ಅವನಿಗಿಂತ ಚಿಕ್ಕದಾಗಿಯೂ ಸ್ವಲ್ಪ ಚೆನ್ನಾಗಿಯೂ ಹೇಳಿದನು. ಸಭೆಯಲ್ಲಿ ಒಂದು ಬಗೆಯ ಗೊಂದಲವಾಯಿತು. ಇವನು ಯಾವ ಪಕ್ಷ? ಅನಂತರ ಅವನು ತನ್ನ ಮಾವನ ಕಾರ್ಖಾನೆಯನ್ನು ತಂದನು. ಹಂಚನ್ನು ಅಚ್ಚೊತ್ತುವ ಯಂತ್ರ ಮಾವನ ಭುಜಕ್ಕೆ ಸುಖವನ್ನು ಕೊಟ್ಟಿದೆ; ಅವನ ಬಾಯಿಯನ್ನೂ ಮುಚ್ಚಿಸಿದೆ, ಏಕೆಂದರೆ ಆ ಸದ್ದಿನಲ್ಲಿ ಮಾತಾಡುವಂತಿಲ್ಲ; ಅದಕ್ಕಾಗಿಯೇ ಜೆಪ್ಪಿನ ಜನ ರಾತ್ರಿಯೆಲ್ಲ ಕುಳಿತು ಮಾತಾಡುತ್ತಾರೆ. ಯಂತ್ರ ಸುಖವನ್ನು ಹೆಚ್ಚಿಸಿತೇ ಎಂದು ಯಂತ್ರದ ಬಳಿ ನಿಲ್ಲದವರನ್ನು ಕೇಳಬೇಡಿರಿ. ಇಷ್ಟೇ. ಎಚ್ಚರಿಕೆಯ ಗಂಟೆಗೆ ಮುನ್ನವೇ ಕುಳಿತುಬಿಟ್ಟನು.

ಅವನಿಗೆ ಎರಡನೆಯ ಸ್ಥಾನ ಬಂದಿತು, ಮೊದಲನೆಯದು ಗ್ರಾಮಜೀವನದವನಿಗೆ. ತೀರ್ಪುಗಾರರಲ್ಲೊಬ್ಬರು ಬಳಿಕ ನನ್ನನ್ನು ಕರೆದು, ಹುಡುಗನು ‘ವೊನ್ಲಿ’ ಎಂದುದನ್ನೂ, ಸ್ವಂತ ಮನೆಯ ವಿಚಾರವನ್ನು ಸಭೆಗೆ ತಂದುದನ್ನೂ ನ್ಯೂನತೆಗಳಾಗಿ ತಿಳಿಸಿದರು. ಮೊದಲನೆಯದು ಸತ್ಯ, ಸಂಭ್ರಮದಲ್ಲಿ ಆ ವಕಾರ ಮರಳಿ ಬಂದಿತ್ತು. ಎರಡನೆಯದಕ್ಕೆ ನಾನು ಉತ್ತರ ಹೇಳಲಿಲ್ಲ. ಅಂಕಪಟ್ಟಿಯಲ್ಲಿ ವಿಷಯಕ್ಕಿಷ್ಟು, ಉಚ್ಚಾರಣೆಗಿಷ್ಟು, ನಿಲುವಿಗಿಷ್ಟು ಎಂದು ಕಲಮುಗಳಿರುತ್ತವೆ; ಕೇಳಿದವನ ಮನಸ್ಸಿನಲ್ಲಿ ಏನಾಯಿತೆಂಬುದಕ್ಕೆ ಕಲಮು ಇಲ್ಲ, ಇರಲು ಸಾಧ್ಯವೂ ಇಲ್ಲ. ಬಹುಮಾನವಾಗಿ ಬಂದ ಫೌಂಟನ್ ಪೆನ್ನನ್ನು ಸೋದರಮಾವನು ಕಿವಿಯ ಬಳಿ ಅಲುಗಾಡಿಸಿ ನೋಡಿ, ಶಾಯಿ ಇಲ್ಲವೆಂದನು.

ಮುಂದಿನ ವರ್ಷ ನನ್ನ ಕೈಗೆ ಬಂದವಳು ಒಬ್ಬ ಹುಡುಗಿ. ನಾನು ಉತ್ಸಾಹದಿಂದ ಕುರ್ಚಿಯನ್ನು ಎಳೆದು ಅವಳಿದಿರು ಕುಳಿತು, ವಾದದ ನಿಯಮಗಳನ್ನು ವಿವರಿಸಲು, ಅವಳು ಎಲ್ಲವನ್ನೂ ಮರ್ಯಾದೆಯಿಂದ ಕೇಳಿಕೊಂಡು, ‘ನನಗೆ ಇದೆಲ್ಲ ಬೇಡ ಮಾಸ್ಟ್ರೇ. ನೀವು ಬರೆದುಕೊಡಿ, ನಾನು ಹೇಳ್ತೇನೆ’ ಎಂದಳು. ಎಷ್ಟು ಒತ್ತಾಯಿಸಿದರೂ ಜಗ್ಗಲಿಲ್ಲ. ಬರೆದುಕೊಟ್ಟೆನು. ಮೂರನೆಯ ವಾಕ್ಯ ಒಂದು ಉಸಿರಿಗೆ ನಿಲುಕುವುದಿಲ್ಲ, ತುಂಡು ಮಾಡಿಕೊಡಿ ಎಂದಳು, ಮಾಡಿಕೊಟ್ಟೆನು. ಕೊನೆಯ ಮಹಾಪುರುಷನ ಉಕ್ತಿ ಬೇಡವೆಂದಳು, ತೆಗೆದೆನು. ಸ್ಪರ್ಧೆಯ ದಿನ ಅವಳು ನಿಂತು ಆ ನನ್ನ ಸಾಮಾನ್ಯ ಗದ್ಯವನ್ನು, ಆಗತಾನೇ ತನಗೆ ಹೊಳೆದದ್ದೋ ಎಂಬಂತೆ, ಒಂದೊಂದು ಶಬ್ದದ ಮುಂದೆಯೂ ತುಸು ಸಂಕೋಚಪಟ್ಟು, ಬಳಿಕ ಧೈರ್ಯ ತಂದುಕೊಂಡು ನುಡಿದ ರೀತಿಗೆ ಬರೆದ ನಾನೇ ಮುಂದೇನು ಬರುವುದೆಂದು ಕಾದು ಕುಳಿತೆನು. ಮೊದಲನೆಯ ಸ್ಥಾನ ಅವಳದು. ಅದರಲ್ಲಿ ಯಾರಿಗೂ ಭಿನ್ನಾಭಿಪ್ರಾಯವಿರಲಿಲ್ಲ.

ಅಷ್ಟರಲ್ಲಿ ಕಾಲೇಜು ಸೇರಿದ್ದ ಹುಡುಗನು ಸಭೆಯಲ್ಲಿ ಹಿಂದೆ ಕುಳಿತು ಕೇಳಿದ್ದನು. ಸ್ಪರ್ಧೆ ನಡೆದ ಹಂಪನಕಟ್ಟೆಯಿಂದ ನಾವು ಮೂವರೂ ನಡೆದೇ ಬಂದೆವು. ದಾರಿಯುದ್ದಕ್ಕೂ ಅವನು ಆ ಭಾಷಣದ ವಾದದಲ್ಲಿ ಎಲ್ಲೆಲ್ಲಿ ಬಿರುಕುಂಟೆಂದು ಒಂದೊಂದನ್ನೇ ಎತ್ತಿ ತೋರಿಸಿದನು. ಬಿರುಕುಗಳು ನನ್ನವಾದ್ದರಿಂದ ನಾನು ಮಾತಾಡಲಿಲ್ಲ. ಹುಡುಗಿ ಎಲ್ಲವನ್ನೂ ಕೇಳಿಕೊಂಡು, ‘ಇಷ್ಟು ಗೊತ್ತಿದ್ದವರಿಗೆ ಹೋದ ವರ್ಷ ಎರಡನೆಯದು ಯಾಕೆ ಬಂತು?’ ಎಂದಳು.

ಅವನು ನಿಂತನು. ‘ನೀನು ಕೇಳುದು ಇಷ್ಟು, ಅಲ್ವಾ?’ ಎಂದು ಆರಂಭಿಸಿ, ಅವಳ ಪ್ರಶ್ನೆಯನ್ನು ಅವಳಿಗಿಂತ ಕಟುವಾಗಿ ಬಿಡಿಸಿ ಹೇಳುತ್ತಿರುವಾಗಲೇ ಮಾರ್ನಮಿಕಟ್ಟೆ ಬಂದಿತು. ಅವಳು ತನ್ನ ಮನೆಯ ದಾರಿ ಹಿಡಿದಳು, ಅವನು ಉತ್ತರವನ್ನು ನನಗೆ ಹೇಳುತ್ತ ಬಂದನು.